ಫ್ಲಾರೆನ್ಸ್‌ಗೆ ಹೋಗ್ತಿದ್ದೀರಾ? ಉಫೀಝಿ ಆಮೇಲೆ, ಮೊದಲು ಈ ಚರ್ಚ್

ಟಿಕೆಟ್ ವಿಷಯ ಮೊದಲು ಹೇಳಿಬಿಡುತ್ತೇನೆ. ಉಫೀಝಿ ಗ್ಯಾಲರಿ ಎಂದು ಹುಡುಕಿದರೆ ಮೇಲೆ ಮೇಲೆ ದಲ್ಲಾಳಿ ಸೈಟ್‌ಗಳೂ ಬರುತ್ತವೆ, ನೋಡೋಕೆ ಅಸಲಿ ಸೈಟ್ ಥರಾನೇ ಇರುತ್ತವೆ. ನಮ್ಮಿಂದ ಹೆಚ್ಚುಕಡಿಮೆ ಎರಡರಷ್ಟು ದುಡ್ಡು ಕಿತ್ತರು. ಕ್ಯೂ ಇರಲ್ಲ ಅಂದಿದ್ದರು, ಬಿಸಿಲಲ್ಲಿ ನಿಂತಿದ್ದೂ ಆಯಿತು. ಒಳಗೆ ಬೊಟಿಚೆಲ್ಲಿ ಬರೆದ ಪ್ರಸಿದ್ಧ ವೀನಸ್ ಚಿತ್ರಕ್ಕಿಂತ ಅದರ ಮುಂದೆ ಎತ್ತಿ ಹಿಡಿದ ಮೊಬೈಲ್‌ಗಳೇ ಜಾಸ್ತಿ ಕಂಡವು. ನನಗೆ ನೂಕುನುಗ್ಗಲು ಆಗಿಬರುವುದಿಲ್ಲ. ಹಾಗಾಗಿ ಸಮಯ ಕಮ್ಮಿ ಇದ್ದರೆ ಸಾಂತಾ ತ್ರಿನಿತಾ ಚರ್ಚ್‌ಗೆ ಹೋಗಿ ಅನ್ನುತ್ತೇನೆ. ದುಡ್ಡು ಕೊಡಬೇಕಾಗಿಲ್ಲ, ಜನವೂ ಇಲ್ಲ.

ಮುಖ್ಯ ಪೀಠದ ಬಲಗಡೆ ಸಸ್ಸೆಟ್ಟಿ ಚಾಪೆಲ್ ಇದೆ, ಅಂದರೆ ಆ ಮನೆತನದ ಪುಟ್ಟ ಪ್ರಾರ್ಥನಾ ಕೋಣೆ. ಕತ್ತಲು. ಪೆಟ್ಟಿಗೆಗೆ ನಾಣ್ಯ ಹಾಕಿದರೆ ಲೈಟ್ ಹತ್ತುತ್ತದೆ, ನೋಡ್ತಾ ನೋಡ್ತಾ ಆರಿಹೋಗುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ.

ಫ್ರಾಂಚೆಸ್ಕೊ ಸಸ್ಸೆಟ್ಟಿ, ಆಗ ಫ್ಲಾರೆನ್ಸ್ ಆಳುತ್ತಿದ್ದ ಮೆಡಿಚಿ ಮನೆತನದ ಬ್ಯಾಂಕಿನ ಮ್ಯಾನೇಜರ್. ಬಡ್ಡಿ ತಿನ್ನುವುದು ಪಾಪ ಎಂದು ಚರ್ಚ್ ಹೇಳುತ್ತಿದ್ದ ಕಾಲ ಅದು. ಬ್ಯಾಂಕಿನವರು ದೇವರ ಲೆಕ್ಕವನ್ನೂ ಚುಕ್ತಾ ಮಾಡಬೇಕಿತ್ತು, ಊರಿಗೆ ತಮ್ಮ ಮುಖವನ್ನೂ ತೋರಿಸಬೇಕಿತ್ತು. 1480ರ ದಶಕದಲ್ಲಿ ಈತ ಘಿರ್ಲಾಂಡಾಯೊ ಎಂಬ ಚಿತ್ರಕಾರನ ಕೈಲಿ ತನ್ನ ಹೆಸರಿನ ಸಂತ ಫ್ರಾನ್ಸಿಸ್‌ನ ಕಥೆಯನ್ನು ಗೋಡೆಗಳ ಮೇಲೆ ಚಿತ್ರವಾಗಿ ಬರೆಸಿದ. ಎದುರು ಗೋಡೆಯ ಮೇಲ್ಭಾಗ ನೋಡಿ. ಪೋಪ್ ಸಂತನ ಪಂಥಕ್ಕೆ ಒಪ್ಪಿಗೆ ಕೊಡುತ್ತಿದ್ದಾನೆ. ಅದು ನಡೆದದ್ದು ರೋಮ್‌ನಲ್ಲಿ, 13ನೇ ಶತಮಾನದಲ್ಲಿ. ಹಿಂದೆ ಕಾಣುವುದು ಮಾತ್ರ ಫ್ಲಾರೆನ್ಸ್‌ನ ಸಿನ್ಯೊರಿಯಾ ಚೌಕ! ಬಲಗಡೆ ಮುಂದೆಯೇ ಆ ಮನೆತನದ ಯಜಮಾನ ಲೊರೆಂಜೊ ಮೆಡಿಚಿ, ಅವನ ಪಕ್ಕ ಸಸ್ಸೆಟ್ಟಿ. ಮೆಟ್ಟಿಲು ಹತ್ತಿ ಬರುತ್ತಿರುವವರು ಲೊರೆಂಜೊನ ಮಕ್ಕಳು ಮತ್ತು ಅವರ ಮೇಷ್ಟ್ರು, ಕವಿ ಪೊಲಿತ್ಸಿಯಾನೊ. ಪಾಪ, ಸಂತ ಹಿಂದಕ್ಕೆ ಸರಿದಿದ್ದಾನೆ. ಅದರ ಕೆಳಗಿನ ಚಿತ್ರದಲ್ಲಿ ಸಂತನ ಪವಾಡದಿಂದ ಸತ್ತ ಹುಡುಗ ಎದ್ದು ಕೂರುವುದು ಇದೇ ಚರ್ಚ್‌ನ ಎದುರು, ಬಾಗಿಲಾಚೆ ಬಂದರೆ ನೀವು ಅದೇ ಜಾಗದಲ್ಲಿ ನಿಂತಿರುತ್ತೀರಿ. ಪೀಠದ ಚಿತ್ರದಲ್ಲಿ ಬಾಲಯೇಸುವಿನ ಹಿಂದಿರುವ ಗೋದಲಿ ಒಂದು ಹಳೇ ರೋಮನ್ ಕಲ್ಲಿನ ಶವಪೆಟ್ಟಿಗೆ, ಅಷ್ಟು ಹುಚ್ಚು ಅವರಿಗೆ ಪ್ರಾಚೀನ ರೋಮ್ ಅಂದರೆ. ಪುನರುಜ್ಜೀವನ ಕಾಲದಲ್ಲಿ ಕಲೆಯ ಕೇಂದ್ರ ಮನುಷ್ಯ ಎಂದು ಶಾಲೇಲಿ ಓದಿದ್ದೆವು, ಅಲ್ವಾ? ಯಾವ ಮನುಷ್ಯ ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಇಷ್ಟವಾದರೆ ಸಾಂತಾ ಮಾರಿಯಾ ನೊವೆಲ್ಲಾ ಚರ್ಚ್‌ಗೂ ಹೋಗಿ, ಅಲ್ಲಿ ಟಿಕೆಟ್ ಇದೆ. ಅದೇ ಘಿರ್ಲಾಂಡಾಯೊ ಬರೆದ, ಯೇಸುವಿನ ತಾಯಿ ಮೇರಿಯ ಜನನದ ಚಿತ್ರದಲ್ಲಿ ಬಾಣಂತಿ ನೋಡಲು ಬಂದವಳು ದುಡ್ಡು ಕೊಟ್ಟ ತೊರ್ನಾಬುವೊನಿಯ ಮಗಳು. ಮೈತುಂಬ ಜರಿ.

ಊಟ ಮಾತ್ರ ಚೌಕಗಳ ಸುತ್ತ ಮಾಡಬೇಡಿ. ಕೂತಿದ್ದಕ್ಕೇ ತಲೆಗಿಷ್ಟು ಎಂದು ಬಿಲ್‌ಗೆ ಸೇರಿಸುತ್ತಾರೆ. ಸಾಂತ್ ಅಂಬ್ರೋಜೊ ಮಾರ್ಕೆಟ್ ಹತ್ತಿರ ಒಂದು ಪುಟ್ಟ ಹೋಟೆಲ್ ಸಿಕ್ಕಿತು, ಬೋರ್ಡ್ ಕೂಡ ಸರಿಯಾಗಿ ಕಾಣುತ್ತಿರಲಿಲ್ಲ, ತರಕಾರಿ ಹೊತ್ತು ಬಂದ ಮಾರ್ಕೆಟ್‌ನವರ ಜೊತೆ ಒಂದೇ ಮೇಜಿನಲ್ಲಿ ಕೂತು ರಿಬೊಲ್ಲಿತಾ ತಿಂದೆವು. ಹಳೇ ಬ್ರೆಡ್, ಬಿಳಿ ಬೀನ್ಸ್, ಕಪ್ಪು ಎಲೆಕೋಸು ಹಾಕಿ ಗಟ್ಟಿಯಾಗಿ ಕುದಿಸಿದ್ದು, ಮೇಲೆ ಹಸಿ ಆಲಿವ್ ಎಣ್ಣೆ. ಎರಡು ಬಟ್ಟಲು ಹೊಡೆದೆ. ಸಸ್ಯಾಹಾರಿಗಳು ಮಾಂಸದ ಸಾರು ಹಾಕಿದ್ದಾರಾ ಎಂದು ಮೊದಲೇ ಕೇಳಿ. ಅಲ್ಲಿನ ಬ್ರೆಡ್‌ಗೆ ಉಪ್ಪೇ ಹಾಕುವುದಿಲ್ಲ, ಉಪ್ಪಿನಕಾಯಿ ಪೊಟ್ಟಣ ಬ್ಯಾಗಲ್ಲಿರಲಿ. ಮತ್ತೆ ಸಾಂತಾ ತ್ರಿನಿತಾ ಮಧ್ಯಾಹ್ನ ಮುಚ್ಚುತ್ತದೆ, ಬೆಳಗ್ಗೆಯೇ ಹೋಗಿಬನ್ನಿ.