ಕಾಲೇ ಕಂಬ ಅಂದಾಗ ನಾವು ನಕ್ಕಿದ್ದು

ಹೈಸ್ಕೂಲಿನಲ್ಲಿ ಕಾವ್ಯದ ಅಲಂಕಾರ ಅಂದರೆ ನಮಗೆಲ್ಲ ಮೂರು ಮಾರ್ಕ್ಸ್, ಅಷ್ಟೇ. ಒಂದು ಸಾಲು ಕೊಡುತ್ತಾರೆ. ಹೆಸರು ಬರೆಯಬೇಕು, ಲಕ್ಷಣ ಬರೆಯಬೇಕು, ಯಾವುದನ್ನು ಹೋಲಿಸಿದೆ (ಉಪಮೇಯ), ಯಾವುದಕ್ಕೆ ಹೋಲಿಸಿದೆ (ಉಪಮಾನ) ಅಂತ ಬಿಡಿಸಿ ಸಮನ್ವಯ ಮಾಡಬೇಕು. 'ಅಂತೆ', 'ಹಾಗೆ' ಕಂಡರೆ ಉಪಮೆ. ಅದು ಕಾಣದೆ 'ಇದೇ ಅದು' ಅಂದಿದ್ದರೆ ರೂಪಕ. ಗಾದೆ ಬಂದರೆ ಕಣ್ಣು ಮುಚ್ಚಿ ದೃಷ್ಟಾಂತ. ಯಾವ ಗೈಡ್ ತೆಗೆದರೂ ಸೀತೆಯ ಮುಖ ಕಮಲದಂತೆ ಅರಳುತ್ತಲೇ ಇರುತ್ತಿತ್ತು, ಪಾಪ.

ನಮ್ಮ ಕನ್ನಡ ಮಾಸ್ತರ್ ಇದನ್ನು ಬೇಡ ಅನ್ನಲಿಲ್ಲ. ಮಾರ್ಕ್ಸ್ ಕೈಬಿಡುವ ಮನುಷ್ಯ ಅಲ್ಲ ಅವರು. ಲಕ್ಷಣಗಳನ್ನು ಬಾಯಿಪಾಠ ಮಾಡಿಸಿಯೇ ಬಿಡುತ್ತಿದ್ದರು. ಅದಾದ ಮೇಲೆ ಪುಸ್ತಕ ಮುಚ್ಚಿಸಿ ಇನ್ನೊಂದು ಆಟ. ಸಾಲಿನಲ್ಲಿರುವ ಅಲಂಕಾರ ಕಿತ್ತುಹಾಕಿ, ಇಲ್ಲವೇ ಬದಲಾಯಿಸಿ, ಈಗ ಸಾಲು ಏನಾಯಿತು ಹೇಳಿ ಅನ್ನುವ ಆಟ.

ಬಸವಣ್ಣನವರ 'ಉಳ್ಳವರು ಶಿವಾಲಯ ಮಾಡುವರು' ವಚನದ ದಿನ ನನಗೆ ಚೆನ್ನಾಗಿ ನೆನಪಿದೆ. 'ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಶವಯ್ಯಾ' ಎಂದು ಬೋರ್ಡಿನ ಮೇಲೆ ಬರೆದರು. ರೂಪಕ ಎಂದು ಎಲ್ಲರೂ ಒಟ್ಟಿಗೆ ಕೂಗಿದೆವು.

"ಹೌದು, ರೂಪಕ. ಈಗ ಅದನ್ನ ಉಪಮೆ ಮಾಡ್ರಿ."

ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. "ನನ್ನ ಕಾಲು ಕಂಬದಂಗ ಐತ್ರಿ ಸರ್."

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಮ್ಮ ಗದಗ ಸೀಮೆಯಲ್ಲಿ ಹಾಗಂದರೆ ಕಾಲು ಬಾತುಕೊಂಡಿದೆ ಎಂದೇ ಅರ್ಥ. ಮಾಸ್ತರ್ ನಗಲಿಲ್ಲ. "ಯಾಕ ನಕ್ಕ್ರಿ? ಅದನ್ನ ಹೇಳ್ರಿ" ಅಂದರು.

ಹೇಳಲು ಹೊರಟಾಗ ಗೊತ್ತಾಯಿತು. 'ಕಂಬದಂತೆ' ಅಂದ ಕೂಡಲೇ ಕಣ್ಣು ಕಾಲಿನ ಗಾತ್ರದ ಮೇಲೆ ಹೋಗುತ್ತದೆ. ಹೋಲಿಸಿದರೆ ಯಾವುದರಲ್ಲಿ ಹೋಲುತ್ತದೆ ಎಂಬ ಪ್ರಶ್ನೆ ಏಳುತ್ತದೆ. ಬಸವಣ್ಣನವರು ಇಲ್ಲಿ ಹೋಲಿಸುತ್ತಲೇ ಇಲ್ಲ. ಬಡವನಿಗೆ ಗುಡಿ ಕಟ್ಟಿಸಲು ಆಗುವುದಿಲ್ಲ, ಅವನ ಮೈಯೇ ಗುಡಿ. 'ಗುಡಿಯ ಹಾಗೆ' ಅಂದಿದ್ದರೆ ಉಳ್ಳವರು ಕಟ್ಟಿಸಿದ್ದೇ ಅಸಲಿ, ಇವನದು ನಕಲಿ ಅಂತಾಗುತ್ತಿತ್ತು. ಆಮೇಲೆ ಬರುವ 'ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ' ಅನ್ನುವ ಮಾತಿಗೆ ಬಲವೇ ಇರುತ್ತಿರಲಿಲ್ಲ. ಒಂದು 'ಅಂತೆ' ಸೇರಿದರೆ ಎಷ್ಟೆಲ್ಲ ಕೆಡುತ್ತದೆ, ಅಲ್ವಾ?

ಹಾಗಂತ ಉಪಮೆ ಕಡಿಮೆಯದು ಅಂತ ಅವರು ಹೇಳಲಿಲ್ಲ. ಮರುದಿನವೇ 'ನುಡಿದರೆ ಮುತ್ತಿನ ಹಾರದಂತಿರಬೇಕು' ತಂದರು. ಮುತ್ತಿನ ಹಾರ, ಮಾಣಿಕ್ಯದ ದೀಪ್ತಿ, ಸ್ಫಟಿಕದ ಶಲಾಕೆ, ಮೂರೂ ಉಪಮೆಗಳೇ. ಆದರೆ ಮಾತು ಹಾರವನ್ನು ಯಾವುದರಲ್ಲಿ ಹೋಲಬೇಕು ಅಂತ ವಚನ ಹೇಳುವುದಿಲ್ಲ. ಸಮಾನಧರ್ಮವನ್ನು ಬಿಟ್ಟಿದೆ, ಅಂದರೆ ಲುಪ್ತೋಪಮೆ. ಪೋಣಿಸಿದ ಹಾಗೆ ಸಾಲಾಗಿ ಬರಬೇಕು ಅಂತ ಒಬ್ಬಳು, ಬೆಲೆಬಾಳಬೇಕು ಅಂತ ಇನ್ನೊಬ್ಬ. ಎರಡೂ ಸರಿ ಅಂದರು ಮಾಸ್ತರ್. ನಾಲ್ಕನೇ ಸಾಲಿಗೆ ಬಂದರೆ ಹೋಲಿಕೆಯೇ ಇಲ್ಲ: 'ನುಡಿದರೆ ಲಿಂಗ ಮೆಚ್ಚಿ ಅಹುದಹುದೆನಬೇಕು.' ಮೂರು ಸಲ 'ಅಂತೆ' ಕೇಳಿದ ಕಿವಿ ನಾಲ್ಕನೆಯದಕ್ಕೂ ಕಾಯುತ್ತದೆ, ಅದು ಬರುವುದಿಲ್ಲ. ಕೊನೆಗೆ ಉಳಿಯುವುದು ಒಂದು ಪ್ರಶ್ನೆ, ನುಡಿಯಂತೆ ನಡೆಯದಿದ್ದರೆ ಕೂಡಲಸಂಗಮದೇವ ಹೇಗೆ ಒಲಿಯುತ್ತಾನೆ ಅಂತ. ಉತ್ತರ ಬೇಕಿಲ್ಲದ ಪ್ರಶ್ನೆ ಅದು.

ಛಂದಸ್ಸಿನ ಪಾಠಕ್ಕೆ ನಮ್ಮೂರೇ ಸಾಕಿತ್ತು. ಗದುಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬ ಇದೆ. ಮಿಂದು ಒದ್ದೆ ಬಟ್ಟೆಯಲ್ಲೇ ಆ ಕಂಬದ ಹತ್ತಿರ ಕೂತು, ಬಟ್ಟೆ ಆರುವ ತನಕ ಪದ್ಯ ಹೇಳುತ್ತಿದ್ದ ಅಂತ ಪ್ರತೀತಿ. ನಮ್ಮೂರ ಬಿಸಿಲು ಬಲ್ಲವರಿಗೆ ಅವನ ವೇಗ ಅಂದಾಜಾಗುತ್ತದೆ! ಅವನ ಪದ್ಯಗಳು ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿವೆ, ಅದರ ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. 1, 2, 4, 5ನೇ ಸಾಲಿಗೆ 14 ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ), 3 ಮತ್ತು 6ಕ್ಕೆ 23. 'ವೀರನಾರಾಯಣನೆ ಕವಿ ಲಿಪಿ' ಸುಲಭವಾಗಿ 14 ಬಂತು. 'ಕಾರ ಕುವರವ್ಯಾಸ ಕೇಳುವ' ಮಾತ್ರ ಎಷ್ಟು ಎಣಿಸಿದರೂ 13. ಮಾಸ್ತರ್ ಏನೂ ಹೇಳದೆ ಸುಮ್ನೆ ಗಟ್ಟಿಯಾಗಿ ಓದಿಸಿದರು. 'ವ್ಯಾ' ಒತ್ತಕ್ಷರ ಹಿಂದಿನ 'ರ'ವನ್ನು ಒತ್ತುವುದು ಆಗ ಕಿವಿಗೆ ಬಿತ್ತು. ಒಂದು ಮಾತ್ರೆಯ ಲಘು ಎರಡು ಮಾತ್ರೆಯ ಗುರುವಾಯಿತು, 14 ತುಂಬಿತು. ಜತೆಗೆ ಇನ್ನೊಂದು ತೋರಿಸಿದರು. 'ಕುವರ' ತೆಗೆದು 'ಕುಮಾರ' ಇಟ್ಟು ನೋಡಿ, ಒಂದು ಮಾತ್ರೆ ಜಾಸ್ತಿ ಆಗುತ್ತದೆ. ಕವಿ ತನ್ನ ಹೆಸರನ್ನೇ ಲಯಕ್ಕೆ ತಕ್ಕಂತೆ ಮೊಟಕು ಮಾಡಿಕೊಂಡಿದ್ದಾನೆ.

ಪಿಯುಸಿಯಲ್ಲಿ ಕವಿರಾಜಮಾರ್ಗ ಬಂದಾಗ ನನಗೆ ಅದು ಹೊಸದೆನಿಸಲಿಲ್ಲ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ, 9ನೇ ಶತಮಾನದ್ದು, ಅಲಂಕಾರವೇ ಅದರ ವಿಷಯ. ಸಂಸ್ಕೃತ ಕನ್ನಡ ಎರಡನ್ನೂ ತಿಳಿಯದೆ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಅನ್ನುತ್ತದೆ. ನಿಯಮ ಹೇಳುವುದಕ್ಕೂ ಉಪಮೆಯೇ ಬೇಕಾಯಿತು ನೋಡಿ.

ಈಗ ನಾನು ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಸಂಜೆಯಾದರೆ ತಲೆಬರಹ ಕೊಡುವ ಕೆಲಸ. ಪ್ರಾಸ, ಒಂದೇ ಪದಕ್ಕೆ ಎರಡರ್ಥ ಬರುವ ಶ್ಲೇಷ, ಎರಡೂ ಕೈಗೆ ಬೇಗ ಸಿಗುತ್ತವೆ. ಅದಕ್ಕೇ ಸಾವುನೋವಿನ ಸುದ್ದಿಯಲ್ಲೂ ಕೆಲವರು ಪ್ರಾಸ ಹೊಸೆದುಬಿಡುತ್ತಾರೆ. ನಾನು ಅಂಥ ಕಡೆ ಪ್ರಾಸ ತೆಗೆದು ಓದುತ್ತೇನೆ. ಸುದ್ದಿ ಹಾಗೆಯೇ ನಿಂತರೆ ಪ್ರಾಸ ಕಸದ ಬುಟ್ಟಿಗೆ.

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಹಳೇ ಆಟ ನಡೆದೇ ಇದೆ. ಸದ್ಯದ ವಾದ ದೃಷ್ಟಾಂತಕ್ಕೆ ಎಲ್ಲರೂ ಕೊಡುವ 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಅನ್ನುವ ಉದಾಹರಣೆಯ ಮೇಲೆ. ಎರಡು ಮಾತು ಬಿಂಬ ಪ್ರತಿಬಿಂಬದ ಹಾಗೆ ಎದುರುಬದುರು ನಿಂತಿವೆ, ಅದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಬಿಂಬ ಯಾವುದು, ಊಟವೋ ಮಾತೋ? ಒಬ್ಬಳು ಊಟ ಅನ್ನುತ್ತಾಳೆ, ಇನ್ನೊಬ್ಬ ಮಾತು ಅನ್ನುತ್ತಾನೆ. ಹೀಗೆ 'ಮಾತು ಬಲ್ಲವನಿಗೆ ಜಗಳವಿಲ್ಲ' ಅನ್ನುವ ಗಾದೆಯ ಮೇಲೆ ದೊಡ್ಡ ಜಗಳವೇ ನಡೆದಿದೆ.