ಸೆಲ್ ಕೆಟ್ಟಿರಲಿಲ್ಲ

ಡಿಸೆಂಬರ್ ತಿಂಗಳ ಚಳಿ. ಬೆಳಿಗ್ಗೆ ಆರೂವರೆಗೇ ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಗೆ ಹೋಗಿ ನಿಂತಿದ್ದೆ. ನೀರಿನ ಮೇಲೆ ಪಟ್ಟೆತಲೆ ಹೆಬ್ಬಾತುಗಳ ಹಿಂಡು. ಹಿಮಾಲಯ ದಾಟಿ ಬರುವ ಹಕ್ಕಿಗಳಿವು. ಬಿಸಿಲೇರುವ ಮೊದಲೇ ಹೊಲಗಳ ಕಡೆ ಮೇಯಲು ಹಾರಿಬಿಡುತ್ತವೆ.

ಕ್ಯಾಮೆರಾ ಆನ್ ಮಾಡಿದೆ. ಲೆನ್ಸು ಅರ್ಧ ಹೊರಬಂದು ನಿಂತಿತು. ಬ್ಯಾಟರಿ ಖಾಲಿ ಅನ್ನುವ ಕೆಂಪು ಗುರುತು ಮಿನುಗಿ ಎಲ್ಲ ಆರಿಹೋಯಿತು. ಹಿಂದಿನ ರಾತ್ರಿ ತಾನೇ ನಾಲ್ಕೂ ಹೊಸ ಪೆನ್ಸಿಲ್ ಸೆಲ್ ಹಾಕಿದ್ದೆ! ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ ಹಾಕಿದೆ. ಅದೇ ಕತೆ. ಊರೊಳಗೆ ಓಡಿ ಅಂಗಡಿಯಲ್ಲಿದ್ದ ಅಗ್ಗದ ಸೆಲ್ ತಂದೆ. ಅವು ರಿಮೋಟಿಗೆ ಸರಿ, ಕ್ಯಾಮೆರಾಕ್ಕೆ ಸಾಲುವುದಿಲ್ಲ. ಲೆನ್ಸು ಅಲುಗಲೂ ಇಲ್ಲ. ಅಷ್ಟರಲ್ಲಿ ಹಿಂಡು ಕೂಗುತ್ತ ಎದ್ದಿತು. ತಲೆಯ ಮೇಲೇ ಹಾದುಹೋಯಿತು. ನೋಡುತ್ತ ನಿಂತೆ. ತುಂಬಾ ಸಂಕಟವಾಯಿತು.

ಮನೆಗೆ ಬಂದು ಆ 'ಸತ್ತ' ಸೆಲ್ಲನ್ನೇ ಗೋಡೆ ಗಡಿಯಾರಕ್ಕೆ ಹಾಕಿದರೆ ಮುಳ್ಳು ಆರಾಮಾಗಿ ಓಡಿತು. ಇದೇನು ಅಂತ ತಿಳಿಯದೆ ಗದಗಿನ ಒಬ್ಬ ರಿಪೇರಿಯವರ ಹತ್ತಿರ ಒಯ್ದೆ. ಅಪ್ಪ ಕೊಡಿಸಿದ ಕ್ಯಾಮೆರಾ ಅದು, ಮೂಲೆಗೆ ಹಾಕೋಕೆ ಮನಸ್ಸಿರಲಿಲ್ಲ.

ಅವರು ಸೆಲ್ಲುಗಳಿಗೆ ಮೀಟರ್ ಹಚ್ಚಿದರು. ನಾಲ್ಕೂ ಒಂದೂವರೆ ವೋಲ್ಟಿನ ಮೇಲೇ ಇದ್ದವು. ಆಮೇಲೆ ಸೆಲ್ ಹಾಕುವ ಗೂಡಿನೊಳಗೆ ಟಾರ್ಚ್ ಬಿಟ್ಟು ನನ್ನನ್ನು ಕರೆದರು. ತಳದ ಸ್ಪ್ರಿಂಗಿನ ಸುತ್ತ ಸುಣ್ಣದಂಥ ಬಿಳಿ ಪುಡಿ ಕಟ್ಟಿತ್ತು.

"ಸೆಲ್ ಛಲೋ ಅದಾವ್ರಿ. ಕೂಡ್ರೋ ಜಾಗಾ ಹೊಲಸಾಗೇತಿ. ಗಡಿಯಾರಕ್ಕ ಒಂದೀಟ ಕರೆಂಟ್ ಸಾಕು. ಲೆನ್ಸ್ ಹೊರಗ ದಬ್ಬಾಕ ಭಾಳ ಬೇಕ್ರಿ. ಈ ಪುಡಿ ಅದನ್ನ ತಡೀತೈತಿ, ವೋಲ್ಟ್ ಬೀಳ್ತೈತಿ. ಕ್ಯಾಮೆರಾ ಸೆಲ್ ಮುಗೀತು ಅಂತ ತಿಳೀತೈತಿ."

ತಪ್ಪು ನನ್ನದೇ. ಹಳೇ ಆಲ್ಕಲೈನ್ ಸೆಲ್ಲುಗಳನ್ನು ತೆಗೆಯದೆ ಮಳೆಗಾಲ ಪೂರ್ತಿ ಕಪಾಟಿನಲ್ಲಿ ಇಟ್ಟಿದ್ದೆ. ಅವು ಸೋರಿದ್ದವು.

ಹತ್ತಿಕಡ್ಡಿಯ ತುದಿಗೆ ಒಂದೇ ಹನಿ ನಿಂಬೆರಸ. ಪುಡಿಗೆ ತಾಗಿದ್ದೇ ತಡ, ಸಣ್ಣಗೆ ನೊರೆ ಬಂತು. ಒರೆಸಿದರು, ಮತ್ತೆ ಹಚ್ಚಿದರು. ಆಮೇಲೆ ಸ್ಪಿರಿಟ್. ಚಪ್ಪಟೆ ತಗಡುಗಳನ್ನು ಶಾಲೆ ಮಕ್ಕಳ ರಬ್ಬರಿನಿಂದ ಹೊಳಪು ಬರುವವರೆಗೆ ತಿಕ್ಕಿದರು. ಪೂರ್ತಿ ಒಣಗಲಿ ಅಂತ ಅರ್ಧ ತಾಸು ಬಿಟ್ಟರು. ಅವಸರ ಮಾಡದ ಆ ಕೈಗಳನ್ನು ನೋಡುವುದೇ ಒಂದು ಖುಷಿ. ಅದೇ ಸೆಲ್ ಹಾಕಿ ಒತ್ತಿದರು. ಲೆನ್ಸು ಸರ್ರನೆ ಪೂರ್ತಿ ಹೊರಬಂತು.

ಮುಂದಿನ ಭಾನುವಾರ ಮತ್ತೆ ಮಾಗಡಿಗೆ ಹೋದೆ. ಹಿಂಡು ಎದ್ದಾಗ ಹನ್ನೊಂದು ಫೋಟೊ ಸಿಕ್ಕವು. ಮನೆಗೆ ಬಂದವನೇ, ಚಹಾಕ್ಕೂ ಮೊದಲು, ನಾಲ್ಕೂ ಸೆಲ್ ತೆಗೆದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿಟ್ಟೆ.