ಸಾಸೇಜಿನ ಕೆಳಗಿನ ಈರುಳ್ಳಿ

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ 1937ರಿಂದಲೂ ಹಾಟ್ ಡಾಗ್ (ಬನ್ನಿನೊಳಗೆ ಸಾಸೇಜು ಇಟ್ಟ ತಿನಿಸು) ಮಾರುತ್ತಿರುವ ಪುಟ್ಟ ಅಂಗಡಿಯೊಂದರ ಬಗ್ಗೆ ಇಂದು ಓದುತ್ತ ಕುಳಿತಿದ್ದೆ. ಕುರಿಮರಿಯ ಮಾಂಸವೇ ಹೆಚ್ಚಾಗಿರುವ ಸಾಸೇಜಿನ ಕೆಳಗೆ ಹಸಿ ಈರುಳ್ಳಿಯ ಚೂರುಗಳನ್ನೂ ಗರಿಗರಿಯಾಗಿ ಕರಿದ ಈರುಳ್ಳಿಯನ್ನೂ ಹರಡಿ, ಕೆಚಪ್, ಸಿಹಿಯಾದ ಕಂದು ಸಾಸಿವೆ ಮತ್ತು ರೆಮುಲಾಡ್ ಎಂಬ ಮೇಯನೇಸ್ ಸಾಸ್ ಹಾಕಿ ಕೊಡುತ್ತಾರೆ. ಒಂದೇ ತುತ್ತಿನಲ್ಲಿ ಈರುಳ್ಳಿಗೆ ಎರಡು ರುಚಿ ದಕ್ಕುವ ಈ ಜಾಣ್ಮೆ ನನಗೆ ಬಹಳ ಹಿಡಿಸಿತು. ಅಮೆರಿಕದ ಷಿಕಾಗೋದ ಹಾಟ್ ಡಾಗ್‌ಗೆ ಗಸಗಸೆಯ ಬನ್ನು, ಉಪ್ಪಿನಲ್ಲಿಟ್ಟ ಸೌತೆ, ಟೊಮೆಟೊ ಎಲ್ಲವೂ ಸಲ್ಲುತ್ತವೆ, ಕೆಚಪ್ ಮಾತ್ರ ಸಲ್ಲದು. ಚಿಲಿಯವರಾದರೋ ಅರೆದ ಬೆಣ್ಣೆಹಣ್ಣು, ಟೊಮೆಟೊ, ಮೇಯನೇಸ್‌ಗಳನ್ನು ಸಾಸೇಜು ಕಾಣದಷ್ಟು ಪೇರಿಸಿ, ಆ ಹಸಿರು, ಕೆಂಪು, ಬಿಳಿ ಬಣ್ಣಗಳು ಇಟಲಿಯ ಬಾವುಟವನ್ನು ನೆನಪಿಸುವುದರಿಂದ ಅದನ್ನು ‘ಇತಾಲಿಯಾನೋ’ ಎನ್ನುತ್ತಾರೆ. ಬೆಣ್ಣೆಹಣ್ಣನ್ನು ಹಾಲು, ಸಕ್ಕರೆಯೊಂದಿಗೆ ಮಾತ್ರ ಕುಡಿದು ಬೆಳೆದ ನನಗೆ, ಅದರ ಉಪ್ಪುಪ್ಪಾದ ರುಚಿಯನ್ನೊಮ್ಮೆ ನೋಡಲೇಬೇಕೆಂಬ ಆಸೆ ಹುಟ್ಟಿದೆ.